ಶಿವುವಿನ ಕಂಕುಳ ಗೆಡ್ಡೆ

ಬರೆದುಕೊಡುವ ಡಾಕ್ಟರು ಈ ಭೂಮಿ ಮೇಲೆ ಹುಟ್ಟೇ ಇಲ್ಲ ಎಂದವಳು ನಮ್ಮಜ್ಜಿ, ಅಪ್ಪನ ತಾಯಿ ಸಿದ್ದಮ್ಮ. ಜಾವಗಲ್ಲಿನಿಂದ ಎರಡು ಮೈಲಿ ಒಳಗಿದ್ದ ನಮ್ಮೂರ ಮನೆಯ ಪಡಸಾಲೆಯಲ್ಲಿ, ಕಂಬಕ್ಕೆ ಒರಗಿ ಕಾಲು ನೀಡಿಕೊಂಡು ಕೂತು, ದನಿಯನ್ನು ಸ್ವಲ್ಪವೂ ಏರಿಸದೆ ಹೇಳಿದಳು:

"ಇಬ್ರಿಗೂ ರೋಗ ಇಲ್ಲ ಅಂತ ಯಾವನಾರ ಡಾಕ್ಟ್ರು ಬರ್ಕೊಡ್ಲಿ, ಅವತ್ತು ಒಳಕ್ಕೆ ಬಿಟ್ಕತೀನಿ. ಯಾವನೂ ಬರ್ಕೊಡಲ್ಲ ಕಣಪ್ಪ. ಬಾಯಲ್ಲಿ ಏನ್ ಬೇಕಾರೂ ಅಂತಾರೆ, ಕಾಗ್ದದ ಮೇಲೆ ಕೈ ಇಡಲ್ಲ."

ಇಬ್ಬರು ಎಂದರೆ ನನ್ನಮ್ಮ ಮತ್ತು ಅವಳ ತೋಳಿನಲ್ಲಿದ್ದ ಆರು ತಿಂಗಳ ನನ್ನ ತಮ್ಮ ಶಿವು. ನನಗಾಗ ಹತ್ತೋ ಹನ್ನೊಂದೋ ವರ್ಷ, ಐದನೇ ಕ್ಲಾಸು. ನಮ್ಮ ಮನೆಯಲ್ಲಿ ಅಕ್ಷರ ಕೂಡಿಸಿ ಓದಬಲ್ಲವಳು ನಾನೊಬ್ಬಳೇ. ಅಪ್ಪ ಸಹಿ ಹಾಕುತ್ತಿದ್ದ, ಆದರೆ ಅದು ಚಿತ್ರ ಬರೆದಂತೆ. ಅದರಲ್ಲಿ ಯಾವ ಅಕ್ಷರ ಯಾವುದೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮುಂದೆ ನಾನು ಬಸ್ ಪಾಸಿನಲ್ಲಿ ಅರಸೀಕೆರೆಗೆ ಓಡಾಡಿ, ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ನೋಟ್ಸ್ ಓದಿ, ಬಿ.ಎಸ್ಸಿ. ಮುಗಿಸಿದೆ. ಈ ಮನೆತನದಲ್ಲಿ ಮೊದಲು ಡಿಗ್ರಿ ತೆಗೆದುಕೊಂಡವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆಗೆ ಲಸಿಕೆ ಹಾಕುವವರು ಬಂದ ದಿನ ತಾಯಂದಿರು ಗೇಟಿನ ಹತ್ತಿರ ನಿಂತು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ, "ಮೇಡಂ, ಗಂಟು ಕಟ್ಟುತ್ತಾ? ಕೀವಾಗುತ್ತಾ?" ಆಗಬಹುದು ಎನ್ನುತ್ತೇನೆ. ಆಗುವುದೇ ಇಲ್ಲ ಎಂದು ಹೇಳುವವರನ್ನು ನಾನು ಚಿಕ್ಕಂದಿನಿಂದ ನಂಬಿಲ್ಲ. ಆಗುತ್ತದೆ ಎಂದು ಹೆದರಿಸುವವರನ್ನೂ ನಂಬಿಲ್ಲ. ಈ ಗುಣ ನನಗೆ ಪುಸ್ತಕದಿಂದ ಬಂದದ್ದಲ್ಲ, ಆ ಮನೆಯಿಂದ ಬಂದದ್ದು.

ನಾಡಹೆಂಚಿನ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಹಿಂದೆ ಬಚ್ಚಲು ಮತ್ತು ದನದ ಕೊಟ್ಟಿಗೆ. ಅಟ್ಟದ ಮೇಲೆ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗುತ್ತಿದ್ದವು. ಅಜ್ಜಿ ಆಗಾಗ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದಳು. ನಿನ್ನೆ ಕೇಳಿದ ಕಾಯಿಯನ್ನು ಇವತ್ತೂ ಕೇಳುತ್ತಿದ್ದಳು. ಏನನ್ನೂ ಮೇಲುನೋಟಕ್ಕೆ ಒಪ್ಪುವ ಹೆಂಗಸಲ್ಲ ಅವಳು. ಹಾಲು ತಂದರೆ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು ಹರಿಯುತ್ತದೋ ನಿಲ್ಲುತ್ತದೋ ನೋಡುವಳು. ನಾನು ಶಾಲೆಯಿಂದ ಬಂದೆನೆಂದರೆ ಪಾದ ನೋಡುವಳು, ಕೆರೆ ಏರಿ ಮೇಲೆ ಬಂದಳೋ ರಸ್ತೆ ಮೇಲೆ ಬಂದಳೋ ಎಂದು. ಬೀಗರ ಮನೆಯಿಂದ ಬಂದ ತಿಂಡಿಯನ್ನು ಮೊದಲು ಅಪ್ಪನಿಗೆ ಕೊಡುತ್ತಿರಲಿಲ್ಲ, ನನ್ನ ಕೈಗೆ ಕೊಡುತ್ತಿದ್ದಳು. ನನ್ನ ಮೇಲೆ ಅಜ್ಜಿಗೆ ಎಷ್ಟು ಅಕ್ಕರೆ ಎಂದುಕೊಂಡಿದ್ದೆ. ಅದರ ಅರ್ಥ ಹೊಳೆದದ್ದು ಬಹಳ ವರ್ಷಗಳ ನಂತರ, ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿದಾಗ.

ಅವಳ ಅನುಮಾನಕ್ಕೆ ಕಾರಣ ಇರಲಿಲ್ಲ ಎನ್ನಲಾರೆ. ಅವಳ ಅಕ್ಕನನ್ನು ಬೇಲೂರಿನ ಕಡೆಗೆ ಕೊಟ್ಟಿದ್ದರಂತೆ. ಹುಡುಗ ಹಸೆಮಣೆ ಮೇಲೆ ಕೂತಾಗ ಕೆಮ್ಮುತ್ತಿದ್ದನಂತೆ. ಹೋಮದ ಹೊಗೆ ಎಂದರಂತೆ ಅವನ ಕಡೆಯವರು. ಮೂರು ವರ್ಷಕ್ಕೆ ಅವನೂ ಇಲ್ಲ, ಅಕ್ಕನೂ ಇಲ್ಲ. ಅಕ್ಕನನ್ನು ತವರಿಗೆ ಹೊತ್ತು ತಂದಾಗ ಅಜ್ಜಿ ಹನ್ನೆರಡು ವರ್ಷದ ಹುಡುಗಿ. ಮಲಗಿದ್ದ ಚಾಪೆ ಸುಟ್ಟರು, ಉಂಡ ಮಡಕೆ ಒಡೆದರು. ಕ್ಷಯ ಎನ್ನುವ ಮಾತನ್ನು ಅಜ್ಜಿ ಬಾಯಿಬಿಟ್ಟು ಆಡುತ್ತಿರಲಿಲ್ಲ, "ಆ ರೋಗ" ಎನ್ನುತ್ತಿದ್ದಳು. ರೋಗಕ್ಕಿಂತ ಹೆಚ್ಚಾಗಿ ಅವಳಿಗೆ ನೆನಪಿದ್ದದ್ದು ಬೀಗರು ಮುಚ್ಚಿಟ್ಟದ್ದು. ಹೆಣ್ಣು ಕೊಡುವವರು, ತರುವವರು ಏನನ್ನಾದರೂ ಮುಚ್ಚಿಟ್ಟೇ ಇರುತ್ತಾರೆ ಎನ್ನುವುದು ಅವಳ ಖಾತ್ರಿ.

ನಮ್ಮಮ್ಮ ರತ್ನಮ್ಮ ಹಳೇಬೀಡಿನ ಹತ್ತಿರದ ಹುಲಿಕೆರೆಯವಳು. ಶಿವುವಿನ ಬಾಣಂತನ ಅಲ್ಲೇ ಆಯಿತು. ಐದು ತಿಂಗಳು ತುಂಬಿದ ಮೇಲೆ ಮಾವ, ಅಂದರೆ ಅಮ್ಮನ ಅಣ್ಣ, ತಂಗಿಯನ್ನೂ ಮಗುವನ್ನೂ ಕರೆತಂದು ಬಿಟ್ಟು ಹೋದ. ಮಾರನೆಯ ಬೆಳಿಗ್ಗೆ ಅಜ್ಜಿಯೇ ಮೊಮ್ಮಗನಿಗೆ ನೀರೆರೆಯಲು ಕೂತಳು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮಂಡಿಗೆ ಸಿಕ್ಕಿಸಿ, ನೀಡಿದ ಕಾಲಿನ ಮೇಲೆ ಶಿವುವನ್ನು ಮಲಗಿಸಿ ಹರಳೆಣ್ಣೆ ತಿಕ್ಕುತ್ತಿದ್ದಳು. ಅಮ್ಮ ಹಂಡೆಯಿಂದ ನೀರು ಮೊಗೆದು ಬೆರೆಸುತ್ತಿದ್ದಳು. ನಾನು ಸಾಂಬ್ರಾಣಿಗೆ ಕೆಂಡ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಗುವಿನ ಎಡಗೈ ಎತ್ತಿ ಕಂಕುಳಿಗೆ ಎಣ್ಣೆ ಹಚ್ಚುತ್ತಿದ್ದ ಅಜ್ಜಿಯ ಬೆರಳು ಅಲ್ಲೇ ನಿಂತಿತು. ಮುಂದಕ್ಕೆ ಹೋಗಲಿಲ್ಲ.

"ಏನೇ ಇದು?"

"ಏನತ್ತೆ?"

"ಕೈ ಹಾಕ್ ನೋಡು. ಅಡ್ಕೆ ಗಾತ್ರ ಐತೆ ಗೆಡ್ಡೆ."

ಅಮ್ಮ ಚೊಂಬು ಕೆಳಗಿಟ್ಟು ಮುಟ್ಟಿ ನೋಡಿದಳು. ಅವಳಿಗೂ ಅದು ಹೊಸದು ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಅಜ್ಜಿ ಮಗುವಿನ ತೋಳನ್ನು ಬೆಳಕಿಗೆ ತಿರುಗಿಸಿದ್ದಳು. ಎಡ ತೋಳಿನ ಮೇಲೆ, ಭುಜಕ್ಕಿಂತ ಸ್ವಲ್ಪ ಕೆಳಗೆ, ದುಂಡಗೆ ಒಂದು ಗುರುತು. ನಡುವೆ ಒಣಗಿದ ಹಕ್ಕಳೆ, ಸುತ್ತ ನುಣುಪಾದ ಕೆಂಪು ಚರ್ಮ.

"ಇದ್ಯಾರು ಬರೆ ಹಾಕಿದ್ದು?"

"ಬರೆ ಅಲ್ಲ ಕಣತ್ತೆ, ಸೂಜಿ. ಹಳೇಬೀಡಲ್ಲಿ ಹಾಕ್ಸಿದ್ದು. ಒಂದೂವರೆ ತಿಂಗ್ಳಾದ್ಮೇಲೆ ಬೊಕ್ಕೆ ಎದ್ದು ಕೀವಾಗಿ ಒಣಗ್ತು."

"ಸೂಜಿ ಚುಚ್ಚಿದ್ರೆ ತೂತು ಬೀಳ್ತದೆ. ಹಿಂಗೆ ದುಂಡುಕ್ ಸುಡ್ತದಾ?"

ಅಜ್ಜಿಗೆ ಬರೆ ಎಂದರೆ ಗೊತ್ತು. ಮಗುವಿಗೆ ಹೊಟ್ಟೆ ಉಬ್ಬರಿಸಿದರೆ, ಕಾಮಾಲೆಯಾದರೆ, ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು ಕಾಯಿಸಿ ಚರ್ಮಕ್ಕೆ ಮುಟ್ಟಿಸುವುದು ನಮ್ಮ ಕಡೆ ಇತ್ತು. ಊರಿನ ಅರ್ಧ ಮಕ್ಕಳಿಗೆ ಅವಳೇ ಹಾಕಿದ್ದಳು. ಅವು ಒಣಗಿದ ಮೇಲೆ ಹೀಗೇ ದುಂಡಗೆ ಉಳಿಯುತ್ತಿದ್ದವು. ಹಾಗಾಗಿ ಆ ಗುರುತು ಕಂಡ ಕೂಡಲೇ ಅವಳ ಲೆಕ್ಕಾಚಾರ ಮುಗಿದುಹೋಯಿತು. ಗೆಡ್ಡೆ ಕಟ್ಟುವುದು ಅವಳ ಪ್ರಕಾರ ಆ ರೋಗದ ಗುರುತು, ಬರೆ ಇದೆ ಎಂದರೆ ಅದು ಮೊದಲೇ ಇತ್ತು. ತವರಿನಲ್ಲೇ ಗುಟ್ಟಾಗಿ ಹಾಕಿಸಿ, ವಾಸಿಯಾಗದೆ, ಸೂಜಿಯ ಕಥೆ ಕಟ್ಟಿ ಇಲ್ಲಿಗೆ ಕಳಿಸಿದ್ದಾರೆ.

"ಇವ್ಳಿಗೂ ಹಾಕ್ಸಿದ್ವಲ್ಲ ಸೂಜಿ," ಎಂದು ನನ್ನನ್ನು ಎಳೆದು ಲಂಗದ ಬ್ಲೌಸಿನ ತೋಳು ಮೇಲಕ್ಕೆ ಸರಿಸಿದಳು. ನನ್ನ ತೋಳಿನಲ್ಲೂ ಗುರುತಿತ್ತು, ಆದರೆ ಚಿಕ್ಕದು, ಎಳ್ಳಿನಷ್ಟು ತಗ್ಗು. ಎಣ್ಣೆಗೈಯನ್ನು ನನ್ನ ಕಂಕುಳಿಗೆ ಹಾಕಿ ಎರಡು ಕಡೆಯೂ ಒತ್ತಿ ನೋಡಿದಳು. ನನಗೆ ಕಚಗುಳಿಯಾಗಿ ನಗು ಬಂತು. "ಎಲ್ಲೈತೆ ಇವ್ಳಿಗೆ ಗೆಡ್ಡೆ? ಒಂದೇ ಸೂಜಿ ಅಂತೀಯ, ಒಬ್ಳಿಗೆ ಹಂಗೆ, ಒಬ್ಬನ್ಗೆ ಹಿಂಗೆ ಆಯ್ತದಾ?"

ಅಮ್ಮ ನನ್ನನ್ನು ನೋಡಿದಳು. ನಾನು ನಗು ನಿಲ್ಲಿಸಿದೆ. ನನ್ನ ತೋಳು ಅವಳ ವಿರುದ್ಧ ಸಾಕ್ಷಿ ಹೇಳಿತ್ತು.

ಅವತ್ತು ಅಪ್ಪ ತೋಟದಿಂದ ಬಂದು ಊಟಕ್ಕೆ ಕೂತಾಗ ಮಾತೆಲ್ಲ ಅವನ ತಟ್ಟೆಯ ಮೇಲೇ ಬಿತ್ತು. ಅಮ್ಮನ ಅಪ್ಪ, ಹುಲಿಕೆರೆಯ ತಾತ, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅದು ಹೊರಗೆ ಬಂತು.

"ನಿಮ್ಮಪ್ಪ ಕೆಮ್ಮಿ ಕೆಮ್ಮಿ ಸತ್ತ," ಎಂದಳು ಅಜ್ಜಿ.

"ಅದು ದಮ್ಮು ಕಣತ್ತೆ."

"ದಮ್ಮು ಅಂತ ನೀವು ಹೇಳಿದ್ರಿ, ನಾವು ಕೇಳಿಸ್ಕಂಡ್ವಿ."

"ಬಿಡವ್ವ, ಉಣ್ಣಾನ," ಎಂದ ಅಪ್ಪ. ಅವನ ಜಗಳ ಅಷ್ಟೇ. ಮುದ್ದೆ ಮುರಿದು ಸಾರಿಗೆ ಅದ್ದಿದ, ಆದರೆ ನುಂಗುವ ಮೊದಲು ಅಮ್ಮನ ಕಡೆಗೊಮ್ಮೆ ನೋಡಿದ. ಆ ನೋಟ ನಾನು ಕಂಡೆ. ಅಮ್ಮನೂ ಕಂಡಳು. ತಾತನಿಗೆ ದಮ್ಮಿತ್ತೋ, ಆ ರೋಗವೇ ಇತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವನ ಎದೆಯನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಮಾರನೆಯ ದಿನದಿಂದ ಅಮ್ಮನ ತಟ್ಟೆ, ಲೋಟ ಹಿತ್ತಲ ಗೋಡೆಯ ಮೇಲೆ ಬೇರೆಯಾದವು. ಯಾರೂ ಜೋರು ಮಾಡಲಿಲ್ಲ. ಅಜ್ಜಿ ಸುಮ್ಮನೆ ತೊಳೆದು ಅಲ್ಲಿ ಬೋರಲು ಹಾಕಿದಳು, ಅಷ್ಟೇ. ಒಲೆಯ ಮುಂದೆ ಕೂರುವುದು ಬೇಡ, ಮಗುವನ್ನು ನೋಡಿಕೋ ಎಂದಳು, ಉಪಕಾರ ಮಾಡುವವಳ ಹಾಗೆ. ಅಮ್ಮ ಸೊಸೆಯಾಗಿ ಬರುವ ತನಕ ಮುದ್ದೆ ತಿರುವುತ್ತಿದ್ದ ಅಜ್ಜಿಯ ಕೈಗೆ ಈಗ ಶಕ್ತಿ ಸಾಲದು. ಮುದ್ದೆಯಲ್ಲಿ ಹಸಿ ಹಿಟ್ಟಿನ ಗಂಟು ಸಿಗುತ್ತಿತ್ತು. ಎಲ್ಲರೂ ನುಂಗುತ್ತಿದ್ದೆವು. ಒಂದು ದಿನ ಅಜ್ಜಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಘಾಟು ನಡುಮನೆಗೆಲ್ಲ ಹರಡಿತು. ಅಮ್ಮ ಕೆಮ್ಮಿದಳು. ಎರಡೇ ಸಲ. ಅಪ್ಪ ಕೈಯಲ್ಲಿದ್ದ ಹಗ್ಗ ಹಾಗೇ ಹಿಡಿದು ನಿಂತ. ಅಜ್ಜಿ ಅಡುಗೆಮನೆ ಬಾಗಿಲಿಗೆ ಬಂದಳು. ಅಮ್ಮ ಮೂರನೆಯ ಕೆಮ್ಮನ್ನು ಸೆರಗಿನಲ್ಲಿ ಹಿಡಿದುಕೊಂಡು ಕಣ್ಣು ಕೆಂಪು ಮಾಡಿಕೊಂಡಳು. ಅಜ್ಜಿಗೂ ಅದೇ ಘಾಟಿಗೆ ಕೆಮ್ಮು ಬಂತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇಲ್ಲಿ ನನ್ನ ಮಾತನ್ನೂ ಬರೆಯಬೇಕು. ಅವತ್ತು ಮಲಗುವಾಗ ನಾನು ನನ್ನ ಚಾಪೆಯನ್ನು ಅಮ್ಮನಿಂದ ಒಂದು ಮೊಳ ದೂರ ಎಳೆದುಕೊಂಡೆ. ಸೆಖೆ ಎಂದೆ. ಅಮ್ಮ ಮಗುವಿನ ಕಡೆಗೆ ಮಗ್ಗುಲು ತಿರುಗಿದಳು. ಅಜ್ಜಿಯನ್ನು ಬಯ್ಯುವ ಅಧಿಕಾರ ನನಗೆ ಎಷ್ಟಿದೆ ಎಂದು ಅಳೆಯುವಾಗಲೆಲ್ಲ ಆ ಒಂದು ಮೊಳ ನೆನಪಾಗುತ್ತದೆ.

ಗೆಡ್ಡೆ ದೊಡ್ಡದಾಯಿತು. ಶಿವುವಿಗೆ ಜ್ವರವಿಲ್ಲ, ಹಾಲು ಕುಡಿಯುತ್ತಿದ್ದ, ಮುಟ್ಟಿದರೆ ಅಳುತ್ತಲೂ ಇರಲಿಲ್ಲ. ಅದೇ ಅಜ್ಜಿಗೆ ಇನ್ನಷ್ಟು ಅನುಮಾನ. ನೋವಿಲ್ಲದ ಗೆಡ್ಡೆ ಒಳ್ಳೆಯದಲ್ಲ ಎನ್ನುತ್ತಿದ್ದಳು. ಸುಣ್ಣಕ್ಕೆ ಬೆಲ್ಲ ಕಲಸಿ ಹಚ್ಚಿದಳು. ಎರಡು ದಿನದಲ್ಲಿ ಎಳೆಯ ಚರ್ಮ ಕೆಂಪಾಗಿ ಸುಲಿದು, ಈಗ ಮಗು ನಿಜವಾಗಿ ಅಳಲು ಶುರುಮಾಡಿತು. "ನೋಡ್ದಾ, ಒಳಗಿದ್ದದ್ದು ಹೊರಕ್ ಬತ್ತಾ ಐತೆ," ಎಂದಳು. ಮೂರನೆಯ ದಿನ ನಾನು ಶಾಲೆಯಿಂದ ಬಂದಾಗ ನಡುಮನೆಯಲ್ಲಿ ಹಗಲು ಹೊತ್ತಿನಲ್ಲೇ ದೀಪ ಉರಿಯುತ್ತಿತ್ತು. ಅಜ್ಜಿಯ ಕೈಯಲ್ಲಿ ಅರಿಶಿನದ ಕೊಂಬು. ಅಮ್ಮ ಮಗುವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

"ಕೊಡೆ ಇತ್ಲಾಗೆ. ನಿಮ್ಮೋರು ಹಾಕ್ಸಿದ್ದು ಸಾಲ್ದೆ ಹೋಯ್ತು, ನಾನು ಕಂಕ್ಳಿಗೇ ಹಾಕ್ತೀನಿ, ಕರಗ್ತದೆ."

"ಬ್ಯಾಡಿ ಅತ್ತೆ. ಸುಡಬ್ಯಾಡಿ."

"ನಿನ್ ಗಂಡನ್ಗೆ ಹಾಕಿದ್ದೂ ನಾನೇ. ಸತ್ತೋದ್ನಾ ಅವ್ನು?"

ಅಮ್ಮ ಒಂದು ಕೈಯಲ್ಲಿ ದೀಪವನ್ನು ತಟ್ಟಿ ಕೆಡವಿದಳು. ಎಣ್ಣೆ ನೆಲದ ಮೇಲೆ ಹರಿಯಿತು. ಅವಳು ಅತ್ತೆಯ ಎದುರು ಕೈ ಎತ್ತಿದ್ದು ಅದೊಂದೇ ಸಲ, ಅದೂ ದೀಪದ ಮೇಲೆ. ಮನೆಯಲ್ಲಿ ದೀಪ ಕೆಡವಿದ ಸೊಸೆ ಅಲ್ಲಿ ಉಳಿಯುವಂತಿರಲಿಲ್ಲ. ಅಪ್ಪ ಬಂದ ಮೇಲೆ ಪಡಸಾಲೆಯಲ್ಲಿ ಅಜ್ಜಿ ನಾನು ಮೊದಲು ಬರೆದ ಆ ಮಾತನ್ನು ಆಡಿದಳು. ಮಾರನೆಯ ಬೆಳಿಗ್ಗೆ ಅಪ್ಪ ಅಮ್ಮನನ್ನೂ ಶಿವುವನ್ನೂ ಹುಲಿಕೆರೆಗೆ ಬಿಟ್ಟುಬಂದ. ನಾನೂ ಬರುತ್ತೇನೆಂದೆ. "ನೀನು ಈ ಮನೆ ಮಗ್ಳು, ಇಲ್ಲಿರು," ಎಂದಳು ಅಜ್ಜಿ. ಆ ಮೇಲಿನ ದಿನಗಳಲ್ಲಿ ಅವಳ ಗೆಳತಿಯರು ಬಂದು ಅಪ್ಪನಿಗೆ ಇನ್ನೊಂದು ಸಂಬಂಧದ ಮಾತನ್ನು ತಗ್ಗಿದ ದನಿಯಲ್ಲಿ ಆಡುತ್ತಿದ್ದರು. ನಾನು ಪುಸ್ತಕ ಹಿಡಿದು ಕೂತಿದ್ದರೆ ಯಾರಿಗೂ ನನ್ನ ಕಿವಿ ಕಾಣುತ್ತಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅಪ್ಪ ಒಂದು ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು, "ಬಾ, ಅರಸೀಕೆರೆಗೆ ಹೋಗ್ ಬರಾನ," ಎಂದ. ಅಜ್ಜಿ ಯಾಕೆ ಎಂದು ಕೇಳಿದಳು. ಕೊಬ್ಬರಿ ರೇಟು ವಿಚಾರಿಸಕ್ಕೆ ಎಂದ. ನನ್ನನ್ಯಾಕೆ ಎಂದು ಕೇಳಿದಳು. "ಬೋರ್ಡು ಓದಕ್ಕೆ," ಎಂದ. ಅಪ್ಪ ಅವಳಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾವು ಹತ್ತಿದ ಬಸ್ಸು ಅರಸೀಕೆರೆಗೆ ಹೋಗಲಿಲ್ಲ, ಹಳೇಬೀಡಿಗೆ ಹೋಯಿತು.

ಹುಲಿಕೆರೆಯಲ್ಲಿ ಮಾವ ಬಾಗಿಲಲ್ಲೇ ತಡೆದ. ಅವನಿಗೂ ಅವನದೇ ಅನುಮಾನ.

"ಏನ್ ಹಚ್ಚಿ ಕಳ್ಸಿದ್ರಿ ಭಾವ ಮಗೀಗೆ? ಚರ್ಮ ಸುಲ್ದು ಹೋಗಿತ್ತು. ಇಲ್ಲಿಂದ ಹೋಗೋವಾಗ ಚಂದಾಗಿತ್ತು ನಮ್ ಕೂಸು."

"ಒಳಗ್ ಬಿಡಪ್ಪ, ಬಿಸ್ಲು," ಎಂದ ಅಪ್ಪ.

"ಇವತ್ತು ಗೆಡ್ಡೆ ಕುಯ್ಯೋನು ಬತ್ತಾನೆ. ಕುಯ್ಸಿಬಿಟ್ರೆ ಮಾತೇ ಮುಗೀತು."

ಅಮ್ಮ ಒಳಗಿನಿಂದ ಬಂದಳು. ಬಡವಾಗಿರಲಿಲ್ಲ, ಆದರೆ ಮಾತಾಡುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದು ಅಭ್ಯಾಸವಾಗಿತ್ತು, ತವರಿನಲ್ಲೂ. ಶಿವುವಿನ ಗೆಡ್ಡೆ ನೆಲ್ಲಿಕಾಯಿಯಷ್ಟಾಗಿ ಮೇಲೆ ಕೆಂಪು ತಿರುಗಿತ್ತು. "ಕುಯ್ಸದು ಬ್ಯಾಡ, ಸುಡದೂ ಬ್ಯಾಡ," ಎಂದಳು ಅಪ್ಪನಿಗೆ. "ದೊಡ್ಡ ಡಾಕ್ಟ್ರಿಗೆ ತೋರ್ಸಿ. ಇರೋದೇ ಆದ್ರೆ ಐತೆ ಅನ್ಲಿ." ಮಾವ ಗೊಣಗುತ್ತಲೇ ಲಸಿಕೆಯ ಕಾರ್ಡು ತಂದುಕೊಟ್ಟ. ನಾನು ಓದಿದೆ. ಮಗುವಿನ ಹೆಸರಿರಲಿಲ್ಲ, "ರತ್ನಮ್ಮನ ಗಂಡುಮಗು" ಎಂದಿತ್ತು. ಬಿ.ಸಿ.ಜಿ. ಎನ್ನುವ ಸಾಲಿನ ಮುಂದೆ ದಿನಾಂಕವಿತ್ತು. ರೋಗ ಇದೆ ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ.

ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ಬಸ್ಸು ಜಾವಗಲ್ಲಿನಲ್ಲಿ ನಿಂತಾಗ ಅಮ್ಮ ತಲೆ ಮೇಲೆ ಸೆರಗೆಳೆದುಕೊಂಡು ಬಗ್ಗಿ ಕೂತಳು. ನಮ್ಮೂರಿನವರಿಬ್ಬರು ಹತ್ತಿದರು. ಅಪ್ಪ ಅವರಿಗೆ ಎದ್ದು ಸೀಟು ಕೊಟ್ಟು, ನಾವು ಕಾಣದ ಹಾಗೆ ಅಡ್ಡ ನಿಂತು ಅರಸೀಕೆರೆಯ ತನಕ ಕೊಬ್ಬರಿಯ ಮಾತಾಡಿದ.

ಡಾಕ್ಟರು ಹೆಂಗಸು, ಮಕ್ಕಳ ಡಾಕ್ಟರು. ನಗುವುದೂ ಇಲ್ಲ, ಗದರುವುದೂ ಇಲ್ಲ. ಶಿವುವನ್ನು ತೂಕ ಹಾಕಿದರು, ಎದೆ ಬೆನ್ನು ಕೇಳಿದರು, ತೋಳಿನ ಗುರುತನ್ನು ನೋಡಿದರು, ಕಾರ್ಡು ನೋಡಿದರು, ಆಮೇಲೆ ಕಂಕುಳು ಎತ್ತಿದರು.

"ಈ ಸುಟ್ಟ ಗಾಯ ಏನು?"

ಅಪ್ಪ ನೆಲ ನೋಡಿದ. ಅಮ್ಮ ಅಪ್ಪನನ್ನು ನೋಡಿದಳು. ಗಂಡನ ಎದುರು ಅವನ ತಾಯಿಯ ಹೆಸರು ಹೇಳುವ ಹಾಗಿಲ್ಲ, ಹೇಳದೆ ಹೋದರೆ ತನ್ನ ತವರಿನ ಮೇಲೆ ಬರುತ್ತದೆ.

"ಹೇಳದೆ ಇದ್ರೆ ನಾನು ಏನಂತ ತಿಳ್ಕೊಳ್ಳಲಿ?" ಎಂದರು ಡಾಕ್ಟರು. ಅವರ ದನಿಯಲ್ಲೂ ಅನುಮಾನ ಸೇರಿತ್ತು.

"ಅಜ್ಜಿ ಸುಣ್ಣ ಬೆಲ್ಲ ಹಚ್ಚಿದ್ಲು," ಎಂದೆ ನಾನು.

ಆಮೇಲೆ ಅವರು ವಿವರಿಸಿದರು. ಈ ಸೂಜಿಯಲ್ಲಿರುವುದು ಕ್ಷಯದ ಜಾತಿಗೇ ಸೇರಿದ, ಆದರೆ ಬಲ ಕುಂದಿಸಿದ ಹುಳ. ಮೈ ಅದನ್ನು ನೋಡಿ ಪಾಠ ಕಲಿಯುತ್ತದೆ. ತೋಳಿನಲ್ಲಿ ಬೊಕ್ಕೆ ಎದ್ದು, ಕೀವಾಗಿ, ಗುರುತು ಉಳಿಯುವುದು ಎಲ್ಲರಿಗೂ ಆಗುವುದೇ. ಕೆಲವು ಮಕ್ಕಳಿಗೆ ಮಾತ್ರ ಅದು ಹತ್ತಿರದ ಕಂಕುಳಿಗೆ ಹೋಗಿ ಗೆಡ್ಡೆ ಕಟ್ಟುತ್ತದೆ, ಸೂಜಿ ಹಾಕಿದ ತೋಳಿನ ಕಡೆಯೇ. ಇದು ರೋಗ ತಗುಲಿದ್ದಲ್ಲ. ಕುಯ್ಯಬೇಡಿ, ಸುಡಬೇಡಿ, ಏನೂ ಹಚ್ಚಬೇಡಿ. ಒಡೆದರೂ ಒಡೆಯಬಹುದು, ಕಾಯಿಸಿ ಆರಿಸಿದ ನೀರಿನಲ್ಲಿ ಒರೆಸಿ. ಜ್ವರ ಬಂದರೆ, ತೂಕ ಇಳಿದರೆ ಕೂಡಲೇ ಕರೆತನ್ನಿ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇದಕ್ಕಿಂತ ಸರಳವಾಗಿ ಹೇಳಲು ನನಗೂ ಬಂದಿಲ್ಲ.

ಅಪ್ಪ ಕೇಳಿಸಿಕೊಂಡು ಗಂಟಲು ಸರಿಮಾಡಿಕೊಂಡ. "ಮಗೀದು ಸರಿ ಮೇಡಂ. ಇವ್ಳ್ದೂ ನೋಡ್ಬಿಡಿ. ಇವ್ರಪ್ಪ ಕೆಮ್ಮಿ ತೀರ್ಕಂಡ್ರು."

"ನಿಮಗೆ ಕೆಮ್ಮು ಇದೆಯೇನಮ್ಮ? ಜ್ವರ? ಹಸಿವು ಇಲ್ಲದೆ ಹೋಗೋದು?"

"ಇಲ್ಲ ಮೇಡಂ. ಆದ್ರೂ ಫೋಟೋ ತೆಗೀರಿ," ಎಂದಳು ಅಮ್ಮ. "ನಂಗೂ ನೋಡ್ಬೇಕು."

ಎದೆಯ ಎಕ್ಸ್-ರೇಗೆ ಪಕ್ಕದ ರಸ್ತೆಗೆ ಹೋದೆವು. ಫಿಲಂ ಒಣಗುವ ತನಕ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಅಪ್ಪ ಬಾಳೆಹಣ್ಣು ತಂದ, ಯಾರೂ ಸುಲಿಯಲಿಲ್ಲ. ಅಮ್ಮ ಶಿವುವನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿ, ತಾನು ಬೆಂಚಿನ ಕೊನೆಗೆ ಸರಿದು ಕೂತಳು. ಅವಳೂ ತನ್ನನ್ನು ಅನುಮಾನಿಸುತ್ತಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು. ಎಲ್ಲರೂ ಸೇರಿ ಒಂದು ತಿಂಗಳು ಹೇಳಿದರೆ ಯಾರಾದರೂ ನಂಬುತ್ತಾರೆ. ನಾನು ಎದ್ದು ಹೋಗಿ ಅವಳಿಗೆ ಅಂಟಿಕೊಂಡು ಕೂತೆ. ಅವಳು ಆಚೆ ಸರಿ ಎಂದು ಮೊಣಕೈಯಲ್ಲಿ ತಳ್ಳಿದಳು. ನಾನು ಸರಿಯಲಿಲ್ಲ.

ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದು, "ಏನೂ ಇಲ್ಲ, ಚೆನ್ನಾಗಿದೆ," ಎಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿದರು. ಅಪ್ಪ ಕೈ ಮುಗಿದು ಏಳಲು ಹೋದ. ನಾನು ಏಳಲಿಲ್ಲ.

"ಮೇಡಂ, ಕನ್ನಡದಲ್ಲಿ ಬರ್ಕೊಡಿ. ನಮ್ಮನೇಲಿ ಓದೋದು ನಾನೊಬ್ಳೇ. ನಂಗೆ ಇಂಗ್ಲಿಷು ಬರಲ್ಲ."

"ನಿಮ್ಮಪ್ಪನಿಗೆ ಹೇಳಿದೀನಲ್ಲಮ್ಮ."

"ಬಾಯಲ್ಲಿ ಹೇಳಿದ್ರೆ ಅಜ್ಜಿ ಒಪ್ಪಲ್ಲ. ಅಮ್ಮನ್ನ ಒಳಕ್ ಬಿಡಲ್ಲ."

ಅವರು ಪೆನ್ನು ಕೆಳಗಿಟ್ಟು ಅಪ್ಪನನ್ನು ನೋಡಿದರು, ಅಮ್ಮನನ್ನು ನೋಡಿದರು. ಹೆಸರು ಅಚ್ಚಾಗಿದ್ದ ದೊಡ್ಡ ಹಾಳೆ ತೆಗೆದು ಬರೆಯತೊಡಗಿದರು. ನಾನು ಮೇಜಿನ ಅಂಚು ಹಿಡಿದು ತಲೆಕೆಳಗಾಗಿಯೇ ಓದುತ್ತಿದ್ದೆ. ಎಡ ತೋಳು ಎಂದು ಬರೆದಿದ್ದರು. "ಎಡ ಕಂಕುಳು ಅಂತಾನೂ ಬರೀರಿ," ಎಂದೆ. ಬರೆದರು. "ಅದು ಬರೆ ಅಲ್ಲ ಅಂತ." ಅದನ್ನೂ ಬರೆದರು. ಸುಣ್ಣದ ಸುಟ್ಟ ಗಾಯದ ಸಾಲಿಗೆ ಬಂದಾಗ ಕೈ ನಿಲ್ಲಿಸಿ, "ಯಾರು ಹಚ್ಚಿದ್ದು ಅಂತಲೂ ಬರೀಬೇಕಾ?" ಎಂದು ಕೇಳಿದರು. ನಾನು ಹೂಂ ಎನ್ನುವವಳಿದ್ದೆ.

"ಬ್ಯಾಡಿ ಮೇಡಂ," ಎಂದಳು ಅಮ್ಮ. ಸೆರಗು ಬಾಯಿಂದ ತೆಗೆದಿದ್ದಳು. "ಆ ಸಾಲೇ ಬ್ಯಾಡ."

ಸೀಲು ಒತ್ತಿಸಿಕೊಂಡು ನಾವು ಸಂಜೆಯ ಬಸ್ಸು ಹಿಡಿದೆವು. ಶಿವುವಿನ ಗೆಡ್ಡೆ ಮುಂದೆ ಒಡೆಯಿತು, ಬಹಳ ದಿನ ಒಸರಿತು, ಒಣ ಬಟ್ಟೆಯಲ್ಲಿ ಒರೆಸುತ್ತ ಕಾದೆವು, ಒಂದು ದಿನ ಒಣಗಿತು. ಈಗ ಅವನು ಕೊಬ್ಬರಿ ಮಂಡಿಯಲ್ಲಿ ಮೂಟೆಗಳನ್ನು ಭುಜಕ್ಕೆತ್ತಿ ಎಸೆಯುತ್ತಾನೆ. ಇದೆಲ್ಲ ಆಮೇಲಿನದು. ಆ ಸಂಜೆ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಮನೆ ತಲುಪಿದಾಗ ಇಳಿಬಿಸಿಲು ಅಂಗಳದ ತುಂಬ ಇತ್ತು. ಅಮ್ಮ ಮಗುವನ್ನೆತ್ತಿಕೊಂಡು ಅಂಗಳದಲ್ಲೇ ನಿಂತಳು. ಅಪ್ಪ ಅವಳ ಪಕ್ಕದಲ್ಲಿ ನಿಂತ. ಒಳಗೆ ಹೋದವಳು ನಾನು. ಅಜ್ಜಿ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು, ನಮ್ಮನ್ನು ಕಂಡೂ ತಲೆ ಎತ್ತಲಿಲ್ಲ.

"ಕೊಬ್ರಿ ರೇಟು ಎಷ್ಟಂತೆ?"

"ಅಜ್ಜಿ, ಡಾಕ್ಟ್ರು ಬರ್ಕೊಟ್ಟವ್ರೆ," ಎಂದು ಹಾಳೆ ಕೊಟ್ಟೆ.

ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಸೀಲಿನ ಮೇಲೆ ಉಗುರು ಆಡಿಸಿದಳು. ವಾಪಸ್ಸು ಕೊಟ್ಟು, "ಓದು," ಎಂದಳು. ಓದಿದೆ. "ಇನ್ನೊಂದ್ಸಲ." ಓದಿದೆ. "ನೀನು ನಿಮ್ಮಮ್ಮನ ಮಗ್ಳು. ಇಲ್ದೇ ಇರೋದ್ನ ಓದ್ತಿದ್ರೆ ನಂಗೇನ್ ಗೊತ್ತು?" ಎಂದು ಹಾಳೆಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು, ನಡುವೆ ಎಲ್ಲೋ ಒಂದು ಕಡೆ ಬೆರಳಿಟ್ಟಳು.

"ಇದೇನು?"

"ಕಂಕುಳು."

"ಇದು?"

"ತಾಯಿಗೆ."

"ಇಲ್ಲ ಅಂತ ಎಲ್ಲಿ ಬರ್ದೈತೆ, ತೋರ್ಸು."

ತೋರಿಸಿದೆ. ಅವಳು ಆ ಜಾಗಕ್ಕೆ ಹುಣಸೆ ಅಂಟಿದ ಹೆಬ್ಬೆರಳು ಒತ್ತಿ ಗುರುತು ಮಾಡಿದಳು. ಬೇರೆ ಬೇರೆ ಕಡೆ ಐದಾರು ಪದ ಕೇಳಿ, ಇದ್ದಕ್ಕಿದ್ದಂತೆ ಮತ್ತೆ ಮೊದಲಿನ ಜಾಗಕ್ಕೆ ಬಂದು, "ಇದೇನಂದೆ?" ಎಂದಳು.

"ಕಂಕುಳು, ಅಜ್ಜಿ."

ಆಮೇಲೆ ನಾನು ಎಷ್ಟೋ ಪರೀಕ್ಷೆ ಕೊಟ್ಟಿದ್ದೇನೆ, ಎದುರಿಗೆ ಕೂತು ಪ್ರಶ್ನೆ ಕೇಳುವವರ ಮುಂದೆಯೂ ಕೂತಿದ್ದೇನೆ. ಯಾರೂ ಅಷ್ಟು ಕಟ್ಟುನಿಟ್ಟಾಗಿ ಕೇಳಿಲ್ಲ. ಅಂಗಳದಲ್ಲಿ ಶಿವು ಅಳಲು ಶುರುಮಾಡಿದ. ಅಮ್ಮ ಅಲ್ಲೇ ನಿಂತು ತಟ್ಟುತ್ತಿದ್ದಳು, ಒಂದು ಹೆಜ್ಜೆ ಮುಂದೆ ಬರಲಿಲ್ಲ. ಅಜ್ಜಿ ಅತ್ತ ನೋಡಲಿಲ್ಲ. ಹಾಳೆಯನ್ನೇ ನೋಡುತ್ತ, ದನಿ ತಗ್ಗಿಸಿ, ನನಗೆ ಮಾತ್ರ ಕೇಳುವ ಹಾಗೆ ಕೇಳಿದಳು:

"ಇದ್ರಾಗೆ ನನ್ ಹೆಸ್ರು ಐತಾ?"

"ಇಲ್ಲ ಅಜ್ಜಿ."

"ಹಿಂದ್ಗಡೆ?"

ತಿರುಗಿಸಿ ತೋರಿಸಿದೆ. ಖಾಲಿ ಇತ್ತು. ಅವಳು ಅದನ್ನೂ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಣಸೆಯ ಮೊರವನ್ನು ಬಾಗಿಲ ದಾರಿಯಿಂದ ಪಕ್ಕಕ್ಕೆ ಎಳೆದಳು.

"ಕೂಗು ಅವ್ಳ. ಮಗೀನ ಬಿಸ್ಲಲ್ಲಿ ಯಾಕ್ ನಿಲ್ಸ್ಕಂಡವ್ಳೆ?"